ಊರ ನೀರು, ಊರ ಸಭೆ

(ಸಂಘದ ಬೆಳ್ಳಿಹಬ್ಬದ ಸಮಾರಂಭದಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಈ ಇಪ್ಪತ್ತೈದು ವರ್ಷಗಳಲ್ಲಿ ರಾಯಚೂರು, ದೇವದುರ್ಗ, ಮಾನ್ವಿ ಭಾಗದ ಆಡಳಿತದಲ್ಲಿ ಏನೇನಾಯಿತು ಎಂಬ ಬಗ್ಗೆ ನಾಲ್ಕು ಮಾತು ಹೇಳಬೇಕೆಂದು ಅಧ್ಯಕ್ಷರು ನಮಗೆ ಅಪ್ಪಣೆ ಮಾಡಿದ್ದಾರೆ. ಸಂಘದ ಹಣಕಾಸಿನ ವಿಚಾರ ಕಾರ್ಯದರ್ಶಿಗಳು ಓದಿದರು, ಚಪ್ಪಾಳೆಯೂ ಬಿತ್ತು. ಊಟದ ವೇಳೆ ಆಗುತ್ತಾ ಬಂದಿದೆ, ಸಾರಿನ ವಾಸನೆ ನಮಗೂ ಬರುತ್ತಿದೆ. ಹಾಗಾಗಿ ಎಲ್ಲವನ್ನೂ ಹೇಳುವುದಿಲ್ಲ.

ದೊಡ್ಡ ದೊಡ್ಡ ಸಂಗತಿಗಳನ್ನು ಮೊದಲು ಒಪ್ಪಿಸಿಬಿಡುತ್ತೇವೆ. ನಮ್ಮ ಸಂಘ ಹುಟ್ಟುವ ಸ್ವಲ್ಪ ಮೊದಲು, 1997ರಲ್ಲಿ, ಕೊಪ್ಪಳ ನಮ್ಮ ಜಿಲ್ಲೆಯಿಂದ ಬೇರೆಯಾಗಿ ಹೋಗಿತ್ತು. 2012ರಲ್ಲಿ ಸಂಸತ್ತು ಸಂವಿಧಾನಕ್ಕೆ 98ನೇ ತಿದ್ದುಪಡಿ ಮಾಡಿ 371(ಜೆ) ಸೇರಿಸಿತು. ಅದರಿಂದ ನೌಕರಿಯಲ್ಲಿ, ಕಾಲೇಜು ಸೀಟಿನಲ್ಲಿ ನಮ್ಮ ಮಕ್ಕಳಿಗೆ ಪಾಲು ಸಿಕ್ಕಿತು, ಅದರ ಫಲ ಉಂಡ ಮನೆಗಳು ಈ ಸಭೆಯಲ್ಲೇ ಇವೆ. 2017ರ ಬಜೆಟ್ಟಿನಲ್ಲಿ 49 ಹೊಸ ತಾಲ್ಲೂಕುಗಳನ್ನು ಸಾರಿದಾಗ ನಮ್ಮ ಜಿಲ್ಲೆಗೆ ಸಿರವಾರ, ಮಸ್ಕಿ ಬಂದವು. 2019ರಲ್ಲಿ ಹೈದರಾಬಾದ್ ಕರ್ನಾಟಕ ಅನ್ನುವುದು ಹೋಗಿ ಕಲ್ಯಾಣ ಕರ್ನಾಟಕ ಆಯಿತು. ರಾಯಚೂರು ನಗರಸಭೆ ಮಹಾನಗರ ಪಾಲಿಕೆ ಆಯಿತು. ಬೋರ್ಡುಗಳು ಬದಲಾದವು. ಬದಲಾಗುವುದು ಬೇಡವೆಂದು ನಾವು ಹೇಳುವುದಿಲ್ಲ, ಸಿರವಾರದ ಜನ ತಹಶೀಲ್ದಾರ್ ಕಚೇರಿಗೆಂದು ಮಾನ್ವಿ ಬಸ್ಸು ಕಾಯುವುದು ತಪ್ಪಿತಲ್ಲ, ಅದು ಸಣ್ಣ ಮಾತಲ್ಲ. ಆದರೆ ಬೋರ್ಡಿನ ಹಿಂದೆ ಏನಾಗುತ್ತದೆ ಎಂಬುದನ್ನು ನಾವು ನೀರಿನಿಂದ ಅಳೆಯುತ್ತೇವೆ. ಇವತ್ತು ನಮ್ಮ ಮಾತು ನೀರಿನದೇ.

2022ರ ಮೇ ತಿಂಗಳನ್ನು ನೆನಪು ಮಾಡಿಕೊಳ್ಳಿರಿ. ಆ ತಿಂಗಳ 13ರಂದು ರಾಯಚೂರಿನಲ್ಲಿ ನಮ್ಮ ಜಿಲ್ಲೆಗೇ ಏಮ್ಸ್ ಆಸ್ಪತ್ರೆ ಕೊಡಬೇಕೆಂದು ಧರಣಿ ಶುರುವಾಯಿತು. ಒಂದು ದಿನ ಎರಡು ದಿನದ ಧರಣಿಯಲ್ಲ, 2025ರ ಫೆಬ್ರವರಿಗೆ ಸಾವಿರ ದಿನ ದಾಟಿತು. ನಮ್ಮೂರಿನಿಂದಲೂ ಜನ ಹೋಗಿ ಒಂದೊಂದು ದಿನ ಕೂತು ಬಂದಿದ್ದಾರೆ. ಅತ್ತ ದೊಡ್ಡಾಸ್ಪತ್ರೆಗಾಗಿ ಜನ ಕೂತ ಅದೇ ತಿಂಗಳ ಕೊನೆಗೆ, ಅದೇ ನಗರದಲ್ಲಿ, ನಳದ ನೀರು ಕುಡಿದವರಿಗೆ ವಾಂತಿ-ಭೇದಿ ಹತ್ತಿತು. ಆಸ್ಪತ್ರೆಗಳಲ್ಲಿ ಹಾಸಿಗೆ ತುಂಬಿದವು. ಜೂನ್ ಬರುವುದರೊಳಗೆ ಸಾವುಗಳಾದವು. ಒಂದಲ್ಲ, ಹಲವು. ರಾಂಪುರ ಕೆರೆಯಿಂದ ನಗರಕ್ಕೆ ಬರುವ ನೀರನ್ನು ಸೋಸುವ ಘಟಕವನ್ನು ವರ್ಷಗಟ್ಟಲೆ ತೊಳೆದಿಲ್ಲವೆಂದು ಪತ್ರಿಕೆಗಳಲ್ಲಿ ಬಂತು. ಮುಖ್ಯಮಂತ್ರಿಗಳಾಗಿದ್ದ ಬಸವರಾಜ ಬೊಮ್ಮಾಯಿಯವರು ತನಿಖೆಗೆ ಆದೇಶ ಮಾಡಿದರು, ಸತ್ತವರ ಮನೆಯವರಿಗೆ ಪರಿಹಾರ ಸಾರಿದರು, 35 ವಾರ್ಡುಗಳಲ್ಲೂ ನೀರು ಪರೀಕ್ಷೆ ಆಗಬೇಕೆಂದರು.

ಉತ್ತರಕ್ಕೆ ಕೃಷ್ಣಾ, ದಕ್ಷಿಣಕ್ಕೆ ತುಂಗಭದ್ರಾ. ಎರಡು ಹೊಳೆಯ ನಡುವಿನ ನಾಡೆಂದು ನಮ್ಮನ್ನು ಎಡೆದೊರೆಯವರು ಎಂದು ಕರೆದರು. ಇದೇ ನೆಲಕ್ಕಾಗಿ 1520ರಲ್ಲಿ ವಿಜಯನಗರದವರೂ ಬಿಜಾಪುರದವರೂ ರಾಯಚೂರಿನಲ್ಲಿ ಯುದ್ಧ ಮಾಡಿದರು. ಅಂಥ ಊರಿನಲ್ಲಿ ಜನ ನೀರಿಲ್ಲದೆ ಸತ್ತಿದ್ದರೆ ಬರಗಾಲ ಎನ್ನಬಹುದಿತ್ತು. ಇವರು ಸತ್ತದ್ದು ನಳದಲ್ಲಿ ನೀರು ಬಂದದ್ದಕ್ಕೆ.

ಅದು ಪಟ್ಟಣದ ಕಥೆ, ನಮಗೇನು ಎಂದು ಆಗ ಕಟ್ಟೆಯ ಮೇಲೆ ಮಾತಾಯಿತು. ಮುಂದಿನ ವರ್ಷ, 2023ರ ಮೇ ತಿಂಗಳಲ್ಲೇ, ದೇವದುರ್ಗ ತಾಲ್ಲೂಕಿನ ರೇಕಲಮರಡಿಯಲ್ಲಿ ಕಲುಷಿತ ನೀರು ಕುಡಿದು ಹತ್ತಾರು ಜನ ಆಸ್ಪತ್ರೆ ಸೇರಿದರು, ಒಂದು ಮಗು ತೀರಿಕೊಂಡಿತು. ರೇಕಲಮರಡಿ ಪಟ್ಟಣವಲ್ಲ. ನಮ್ಮಂಥದೇ ಹಳ್ಳಿ. ಆ ಸುದ್ದಿ ಬಂದ ದಿನ ನಮ್ಮ ಸೊಸೈಟಿಯ ಮುಂದೆ ಗೊಬ್ಬರದ ಪಾಳಿಗೆ ನಿಂತವರು ಯಾರೂ ಜೋರಾಗಿ ಮಾತಾಡಲಿಲ್ಲ. ಒಬ್ಬ ಹಿರಿಯಾಕೆ ಮಾತ್ರ ನಮ್ಮನ್ನು ಕೇಳಿದಳು, "ಯಪ್ಪಾ, ನಮ್ಮ ಟಾಕಿ ಒಳಗ ಏನದ ಅಂತ ಯಾರರ ಹತ್ತಿ ನೋಡೀರೇನು?" ಯಾರೂ ನೋಡಿರಲಿಲ್ಲ.

ಅದನ್ನು ಹೇಳುವ ಮೊದಲು ಹುಡುಗರಿಗಾಗಿ ಸ್ವಲ್ಪ ಹಿಂದಿನ ಮಾತು. ನಮ್ಮ ಸಣ್ಣಂದಿನಲ್ಲಿ ಊರಿಗೆ ಕುಡಿಯುವ ನೀರೆಂದರೆ ಹಳ್ಳದ ವರತಿ. ಉಸುಕು ತೋಡಿ, ತಳದಲ್ಲಿ ಜಿನುಗಿದ್ದನ್ನು ಚರಿಗೆಯಿಂದ ಕೊಡಕ್ಕೆ ತುಂಬುವುದು. ಕೋಳಿ ಕೂಗುವ ಮೊದಲೇ ಅವ್ವಂದಿರು ಹೋಗುತ್ತಿದ್ದರು, ತಡವಾದರೆ ಕೆಸರೇ ಗತಿ. ರಾಮಕೃಷ್ಣ ಹೆಗಡೆಯವರ ಸರ್ಕಾರದಲ್ಲಿ ಅಬ್ದುಲ್ ನಜೀರ್ ಸಾಬ್ ಅವರು ಮಂತ್ರಿಯಾದ ಮೇಲೆ ಹಳ್ಳಿಹಳ್ಳಿಗೆ ಬೋರಿಂಗು ಬಂದವು. ಜನ ಅವರಿಗೆ ನೀರ್ ಸಾಬ್ ಎಂದೇ ಹೆಸರಿಟ್ಟರು. ಓಣಿಯಲ್ಲಿ ಮೊದಲ ಸಲ ಬೋರಿಂಗಿನ ಹಿಡಿಕೆ ಹೊಡೆದು ನೀರು ಬಂದಾಗ ಕಾಯಿ ಒಡೆದದ್ದು ನಮಗೆ ಕಣ್ಣಿಗೆ ಕಟ್ಟಿದ ಹಾಗಿದೆ. ಆದರೆ ಆ ಮನುಷ್ಯ ಬೋರಿಂಗು ಮಾತ್ರ ಕೊಟ್ಟವರಲ್ಲ. 1983ರ ಕಾಯಿದೆ ತಂದು, 1987ರ ಜನವರಿಯಲ್ಲಿ ಮಂಡಲ ಪಂಚಾಯಿತಿ, ಜಿಲ್ಲಾ ಪರಿಷತ್ತಿನ ಚುನಾವಣೆ ನಡೆಯುವಂತೆ ಮಾಡಿದರು. ಹೆಣ್ಣುಮಕ್ಕಳಿಗೆ ನೂರಕ್ಕೆ ಇಪ್ಪತ್ತೈದು ಸ್ಥಾನ ಮೀಸಲಿಟ್ಟರು. ನೀರನ್ನೂ ಸಭೆಯನ್ನೂ ಒಟ್ಟಿಗೆ ತಂದವರು ಅವರು. ನಾವು ನೀರು ಇಟ್ಟುಕೊಂಡು ಸಭೆ ಬಿಟ್ಟೆವು.

ಬೋರಿಂಗಿನ ನೀರಿನಲ್ಲಿ ಫ್ಲೋರೈಡ್ ಇದೆಯೆಂದು ನಮಗೆ ಬಹಳ ತಡವಾಗಿ ತಿಳಿಯಿತು. ಒಂದು ಲೀಟರಿನಲ್ಲಿ ಒಂದೂವರೆ ಮಿಲಿಗ್ರಾಂಗಿಂತ ಹೆಚ್ಚಾದರೆ ಹಲ್ಲು ಕಂದುಗಟ್ಟುತ್ತವೆ, ವರ್ಷಗಟ್ಟಲೆ ಕುಡಿದರೆ ಕೀಲು ಬಿಗಿಯುತ್ತವೆ. ನಮ್ಮ ವಯಸ್ಸಿನವರು ನಕ್ಕರೆ ಕಾಣುತ್ತದೆ, ಬೇರೆ ಸಾಕ್ಷಿ ಬೇಕಿಲ್ಲ. ಆ ಕಾರಣಕ್ಕೆ ಎಡದಂಡೆ ಕಾಲುವೆಯಿಂದ ಕೆರೆ ತುಂಬಿಸಿ, ಅಲ್ಲಿಂದ ಟಾಕಿಗೆ ಏರಿಸಿ, ನಳಕ್ಕೆ ಬಿಡುವ ವ್ಯವಸ್ಥೆ ಬಂತು. ಕಾಲುವೆಯ ಕೊನೆಯಲ್ಲಿರುವ ನಾವು ತುಂಗಭದ್ರಾ ಡ್ಯಾಮಿನ ಒಂದೊಂದು ಗೇಟಿನ ಮೇಲೂ ಜೀವ ಇಟ್ಟುಕೊಂಡಿದ್ದೇವೆ. 2024ರ ಆಗಸ್ಟ್ 10ರ ರಾತ್ರಿ 33 ಗೇಟುಗಳ ಪೈಕಿ 19ನೆಯದು ಕೊಚ್ಚಿಕೊಂಡು ಹೋದಾಗ ಈ ಊರಿನಲ್ಲಿ ಎಷ್ಟು ಮನೆಯ ದೀಪ ಆರಲಿಲ್ಲ ಎಂಬುದು ನಮಗೆ ಗೊತ್ತು. ಗಂಡಸರಿಗೆ ಭತ್ತದ ಚಿಂತೆ, ಹೆಂಗಸರಿಗೆ ಬೇಸಿಗೆಯ ಕೊಡದ ಚಿಂತೆ. ಒಂದು ವಾರದಲ್ಲಿ ಹರಿಯುವ ನೀರಿನಲ್ಲೇ ತಾತ್ಕಾಲಿಕ ಗೇಟು ಕೂರಿಸಿದರು, ಆ ಕೆಲಸಗಾರರಿಗೆ ನಾವು ಇಲ್ಲಿಂದಲೇ ಕೈ ಮುಗಿಯಬೇಕು.

ಈಗ ನಮ್ಮ ಟಾಕಿಯ ಮಾತಿಗೆ ಬರುತ್ತೇವೆ. ಆ ಹಿರಿಯಾಕೆ ಕೇಳಿದ ಮರುದಿನ ಇಬ್ಬರು ಹುಡುಗರು ಟಾಕಿ ಹತ್ತಿದರು. ಮುಚ್ಚಳ ಇರಲಿಲ್ಲ. ಒಳಗೆ ಇಳಿದವರು ಗೇಣುದ್ದ ಕೆಸರಿದೆ ಎಂದು ಕೂಗಿದರು. ಬುಟ್ಟಿಯಲ್ಲಿ ತುಂಬಿ ತುಂಬಿ ಕೆಳಗಿಳಿಸಿದರು. ಕಪ್ಪೆಯ ಎಲುಬು ಇದ್ದವು, ಪಾರಿವಾಳದ ಪುಕ್ಕ ಇದ್ದವು, ಒಂದು ಮಗುವಿನ ಚಪ್ಪಲಿ ಇತ್ತು, ಅದು ಅಲ್ಲಿಗೆ ಹೇಗೆ ಹೋಯಿತೋ ದೇವರೇ ಬಲ್ಲ. ಕೆಳಗೆ ನಿಂತು ನೋಡುತ್ತಿದ್ದ ಹೆಣ್ಣುಮಕ್ಕಳು ಸೆರಗು ಬಾಯಿಗೆ ಹಿಡಿದರು. ಆ ದಿನ ಬೆಳಿಗ್ಗೆ ಚಹಾ ಮಾಡಿದ್ದೂ ಅದೇ ನೀರಿನಿಂದ.

ಸಹಜವಾಗಿ ನಮಗೆ ಸಿಟ್ಟು ಬಂತು. ಹತ್ತು ಹನ್ನೆರಡು ಜನ ಪಂಚಾಯಿತಿಗೆ ಹೋದೆವು. ಟಾಕಿ ತೊಳೆಸುವುದಕ್ಕೆ ಏನು ಕ್ರಮ ತಗೊಂಡೀರಿ ಎಂದು ಗದರಿಸಿಯೇ ಕೇಳಿದೆವು. ಅಲ್ಲಿದ್ದ ಅಧಿಕಾರಿ ಹೊಸಬರು, ಬಂದು ಮೂರು ತಿಂಗಳಾಗಿತ್ತು. ಅವರು ಏನೂ ಮಾತಾಡದೆ ಗ್ರಾಮಸಭೆಯ ನಡವಳಿ ಪುಸ್ತಕ ತೆಗೆದು ಮೇಜಿನ ಮೇಲಿಟ್ಟರು. ಹಿಂದಿನ ವರ್ಷದ ಸಭೆಯ ನಡವಳಿಯಲ್ಲಿ ಟಾಕಿ ಸ್ವಚ್ಛ ಮಾಡಿಸಿದ ಖರ್ಚಿಗೆ ಒಪ್ಪಿಗೆ ಇದೆ. ಕೆಳಗೆ ಹಾಜರಿದ್ದವರ ಸಹಿ. ಸಹಿಗಳ ಸಾಲಿನಲ್ಲಿ ಐದನೆಯದು ನಮ್ಮದು.

ಆ ಸಭೆಗೆ ನಾವು ಹೋಗಿರಲಿಲ್ಲ. ಹೋಗಿರಲಿಲ್ಲ ಅನ್ನುವುದಕ್ಕಿಂತ, ಅಂಥದೊಂದು ಸಭೆ ನಡೆದದ್ದೇ ನಮಗೆ ನೆನಪಿಲ್ಲ. ಒಬ್ಬ ಹುಡುಗ ಪುಸ್ತಕ ಹಿಡಿದು ಮನೆ ಬಾಗಿಲಿಗೆ ಬಂದಿದ್ದ. "ಕೋರಂ ಸಾಲ್ವಲ್ದು, ಒಂದು ಸಹಿ ಹಾಕ್ರಿ ಯಜಮಾನ್ರ" ಅಂದ. ನಾವು ಹತ್ತಿ ಲೆಕ್ಕ ನೋಡುತ್ತಾ ಕೂತಿದ್ದೆವು. ಕನ್ನಡಕ ಕೂಡ ಏರಿಸದೆ ಸಹಿ ಹಾಕಿ, ಅವನಿಗೆ ಚಹಾ ಕುಡಿಸಿ ಕಳಿಸಿದೆವು. ಜತೆಗೆ ಬಂದಿದ್ದ ಹನ್ನೆರಡು ಜನರಲ್ಲಿ ಏಳು ಜನರ ಸಹಿ ಅದೇ ಹಾಳೆಯಲ್ಲಿತ್ತು. ಗದರಿಸಲು ಹೋದವರು ಒಬ್ಬೊಬ್ಬರೇ ಹೊರಗೆ ಬಂದು ಬೇವಿನ ಗಿಡದ ಕೆಳಗೆ ನಿಂತೆವು.

ಇದನ್ನು ಬೆಳ್ಳಿಹಬ್ಬದ ವೇದಿಕೆಯ ಮೇಲೆ ಯಾಕೆ ಹೇಳುತ್ತಿದ್ದೀರಿ ಎಂದು ಮನೆಯಲ್ಲೇ ಬೈಸಿಕೊಂಡು ಬಂದಿದ್ದೇವೆ. ಹೇಳಲೇಬೇಕು. ಯಾಕೆಂದರೆ ಇದೇ ನಾವು ಈ ಸೊಸೈಟಿಯ ಮಹಾಸಭೆಯಲ್ಲಿ ಹೇಗಿರುತ್ತೇವೆ ನೋಡ್ರಿ. ಪ್ರತಿ ಸೆಪ್ಟೆಂಬರಿನಲ್ಲಿ ಜಮಾಖರ್ಚು ಓದುವಾಗ ಒಬ್ಬೊಬ್ಬರೂ ವಕೀಲರೇ. ಒಂದು ವರ್ಷ ಗೋದಾಮಿನ ಬೀಗಕ್ಕೆ ನಾಲ್ಕು ನೂರು ರೂಪಾಯಿ ಬಿದ್ದದ್ದಕ್ಕೆ ಒಂದೂವರೆ ತಾಸು ಜಗಳ ಆಡಿದ್ದೇವೆ. ಲಾಭಾಂಶ ಅರ್ಧ ಪೈಸೆ ಕಡಿಮೆಯಾದರೆ ಕಾರ್ಯದರ್ಶಿಗಳಿಗೆ ನೀರು ಕುಡಿಸುತ್ತೇವೆ. ಷೇರು ಕೊಂಡಿದ್ದೇವೆ, ನಮ್ಮ ರೊಕ್ಕ ಎಂಬ ಎಚ್ಚರ. ಪಂಚಾಯಿತಿಗೆ ಮನೆ ಕರ, ನೀರಿನ ಕರ ಕಟ್ಟಿದ ರಸೀದಿ ಮಾತ್ರ ಯಾರ ಕಿಸೆಯಲ್ಲೂ ಷೇರು ಸರ್ಟಿಫಿಕೇಟಿನ ಹಾಗೆ ಭಾರವಾಗುವುದಿಲ್ಲ.

ಕಾಯಿದೆ ನಮ್ಮ ಕಡೆಗೇ ಇದೆ. 1993ರ ಪಂಚಾಯತ್ ರಾಜ್ ಕಾಯಿದೆಯ ಪ್ರಕಾರ ಆರು ತಿಂಗಳಿಗೊಮ್ಮೆಯಾದರೂ ಗ್ರಾಮಸಭೆ ಕೂಡಲೇಬೇಕು. ಮತದಾರರಲ್ಲಿ ಹತ್ತರಲ್ಲಿ ಒಂದು ಪಾಲು ಇಲ್ಲವೇ ನೂರು ಜನ, ಯಾವುದು ಕಡಿಮೆಯೋ ಅಷ್ಟು ಮಂದಿ ಇರಬೇಕು. ನೂರು ಜನ ಅಂದರೆ ಈ ಶಾಮಿಯಾನದ ಒಂದು ಮೂಲೆ. ಇದಲ್ಲದೆ ಪ್ರತಿವರ್ಷ ಆಗಸ್ಟ್ 16ರಿಂದ ಸೆಪ್ಟೆಂಬರ್ 15ರೊಳಗೆ ಪಂಚಾಯಿತಿಯ ಜಮಾಬಂದಿ ನಡೆಯುತ್ತದೆ. ಹಿಂದೆ ಜಮಾಬಂದಿ ಎಂದರೆ ಕಂದಾಯದ ಸಾಹೇಬರು ಬಂದು ರೈತನ ಲೆಕ್ಕ ನೋಡುವುದು. ಈಗ ರೈತ ಹೋಗಿ ಪಂಚಾಯಿತಿಯ ಲೆಕ್ಕ ನೋಡಬಹುದು. ನಮ್ಮ ಸೊಸೈಟಿಯ ಮಹಾಸಭೆಯೂ ಹೆಚ್ಚುಕಡಿಮೆ ಅದೇ ದಿನಗಳಲ್ಲಿ. ಒಂದಕ್ಕೆ ಬಿಳಿ ಅಂಗಿ ಹಾಕಿಕೊಂಡು ಬರುತ್ತೇವೆ, ಇನ್ನೊಂದಕ್ಕೆ ಬಾಗಿಲಲ್ಲೇ ಸಹಿ.

ಮೇಲಿನವರ ತಪ್ಪೇ ಇಲ್ಲ ಎಂದು ನಾವು ಹೇಳುತ್ತಿಲ್ಲ. ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿಯಿತು, ಆಮೇಲೆ ವರ್ಷಗಟ್ಟಲೆ ಚುನಾವಣೆಯೇ ಆಗಲಿಲ್ಲ. ಕೇಳೋಣವೆಂದರೆ ಕುರ್ಚಿಯಲ್ಲಿ ನಮ್ಮವರೇ ಇಲ್ಲ. ವಾಟರ್‌ಮನ್‌ಗಳ ಪಗಾರ ಎಷ್ಟು, ಅದು ಯಾವಾಗ ಬರುತ್ತದೆ ಎಂಬುದು ನಿಮಗೂ ಗೊತ್ತು. ನಾಲ್ಕು ತಿಂಗಳು ಪಗಾರ ಕಾಣದವನು ಟಾಕಿ ಹತ್ತಿ ಇಣುಕಿ ನೋಡಲಿಲ್ಲವೆಂದು ನಾವು ಅವನ ಮೇಲೆ ಹರಿಹಾಯುವುದು ಸುಲಭ.

ಸಿಟ್ಟಿನ ಮಾತು ಇಷ್ಟೇ. ಆಮೇಲೆ ಏನು ಮಾಡಿದೆವು ಎಂಬುದು ಮುಖ್ಯ. ಆ ವರ್ಷದ ಸೊಸೈಟಿ ಮಹಾಸಭೆಯಲ್ಲಿ ನೀರಿನ ವಿಷಯ ಎತ್ತಿದಾಗ ದೊಡ್ಡ ತಕರಾರಾಯಿತು. ಒಬ್ಬ ಹಿರಿಯರು ಎದ್ದು ನಿಂತು, "ಸೊಸೈಟಿ ಇರೋದು ಸಾಲ ಕೊಡಾಕ, ಗೊಬ್ಬರ ಮಾರಾಕ. ಟಾಕಿ ತೊಳಿಯಾಕಲ್ಲ" ಅಂದರು. ಅವರ ಮಾತು ತೆಗೆದುಹಾಕುವಂಥದಲ್ಲ. 1905ರಲ್ಲಿ ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಮೊದಲ ಸಂಘ ಕಟ್ಟಿದ್ದೂ ರೈತರ ಸಾಲಕ್ಕಾಗಿಯೇ. ಪಂಚಾಯಿತಿ ಮಾಡಬೇಕಾದ ಕೆಲಸಕ್ಕೆ ಸಂಘದ ರೊಕ್ಕ ಹಾಕುತ್ತಾ ಹೋದರೆ ಪಂಚಾಯಿತಿ ಮತ್ತಷ್ಟು ಮಲಗುತ್ತದೆ. ಕೊನೆಗೆ ಆ ಹಿರಿಯರೇ ಒಪ್ಪುವ ಹಾಗೆ ಒಂದು ದಾರಿ ಸಿಕ್ಕಿತು. ಸಂಘದಿಂದ ರೊಕ್ಕ ಬೇಡ. ಒಂದು ಡಬ್ಬಿ ಕೆಂಪು ಬಣ್ಣ, ಒಂದು ರಜಿಸ್ಟರು, ಇಷ್ಟೇ ಕೊಡುವುದು. ಟಾಕಿ ತೊಳೆಸುವುದು ಪಂಚಾಯಿತಿ. ತೊಳೆದ ತಾರೀಖನ್ನು ಟಾಕಿಯ ಕಂಬದ ಮೇಲೆ, ದಾರಿಯಲ್ಲಿ ಹೋಗುವವರಿಗೆ ಕಾಣುವ ಹಾಗೆ ಬರೆಯುವುದು. ತೊಳೆಯುವಾಗ ಊರಿನ ಇಬ್ಬರು, ಅದರಲ್ಲಿ ಒಬ್ಬರು ಹೆಣ್ಣುಮಗಳು, ಮುಂದೆ ನಿಂತು ನೋಡಿದ ಮೇಲೆಯೇ ರಜಿಸ್ಟರಿನಲ್ಲಿ ಸಹಿ. ಯಾವ ರಜಿಸ್ಟರೂ ಯಾರ ಮನೆ ಬಾಗಿಲಿಗೂ ಹೋಗಕೂಡದು.

ಜಲಜೀವನ್ ಯೋಜನೆಯಲ್ಲಿ, ನಮ್ಮಲ್ಲಿ ಮನೆಮನೆಗೆ ಗಂಗೆ ಎನ್ನುತ್ತಾರೆ, ಹೆಣ್ಣುಮಕ್ಕಳಿಗೆ ನೀರು ಪರೀಕ್ಷೆ ಮಾಡುವ ಕಿಟ್ಟು ಕೊಟ್ಟು ಕಲಿಸಿದ್ದರು. ಆ ಕಿಟ್ಟು ಒಂದು ಮನೆಯ ಅಟ್ಟದ ಮೇಲಿತ್ತು. ಅದನ್ನು ಇಳಿಸಿದೆವು. ಸ್ವಸಹಾಯ ಗುಂಪಿನ ಹೆಣ್ಣುಮಕ್ಕಳು ಈಗ ಊರ ಕೊನೆಯ ನಳದಲ್ಲಿ ನೀರು ಹಿಡಿದು ಕ್ಲೋರಿನ್ ನೋಡುತ್ತಾರೆ. ಟಾಕಿಯ ಕೆಳಗೆ ನೋಡಿದರೆ ಲೆಕ್ಕಕ್ಕಿಲ್ಲ, ಕೊನೆಯ ನಳದಲ್ಲೂ ಲೀಟರಿಗೆ 0.2 ಮಿಲಿಗ್ರಾಂ ಉಳಿದಿರಬೇಕು. ಬ್ಲೀಚಿಂಗ್ ಪೌಡರಿನ ಬಗ್ಗೆ ನಮ್ಮಲ್ಲಿ ಎಂಥ ತಪ್ಪು ತಿಳಿವಳಿಕೆ ಇತ್ತೆಂದರೆ, ತಿಂಗಳಿಗೊಮ್ಮೆ ಅರ್ಧ ಚೀಲ ಸುರಿಯುವುದು, ಆ ದಿನ ಯಾರೂ ಕುಡಿಯಲಾಗದಷ್ಟು ವಾಸನೆ, ಉಳಿದ ಇಪ್ಪತ್ತೊಂಬತ್ತು ದಿನ ಏನೂ ಇಲ್ಲ. ಒಳ್ಳೆಯ ಪೌಡರಾದರೆ ಸಾವಿರ ಲೀಟರಿಗೆ ಎರಡೂವರೆ ಗ್ರಾಂ ಸಾಕು. ಐವತ್ತು ಸಾವಿರ ಲೀಟರಿನ ಟಾಕಿಗೆ ನೂರಿಪ್ಪತ್ತೈದು ಗ್ರಾಂ. ಅದನ್ನು ಬಕೆಟ್ಟಿನಲ್ಲಿ ಕಲಸಿ, ತಿಳಿ ಮಾತ್ರ ಹಾಕಿ, ಅರ್ಧ ತಾಸು ಬಿಟ್ಟು ನೀರು ಬಿಡಬೇಕು. ಬಾಯಿ ತೆರೆದಿಟ್ಟ ಚೀಲದ ಪೌಡರು ಬರುಬರುತ್ತಾ ಸುಣ್ಣದ ಪುಡಿಯೇ ಆಗಿಬಿಡುತ್ತದೆ.

ಇನ್ನೊಂದು ಮಾತು, ಇದು ಕೆಲವರಿಗೆ ಕಹಿಯಾಗಬಹುದು. ನಮ್ಮ ನಳಗಳಿಗೆ ದಿನಕ್ಕೆ ಒಂದು ತಾಸು ನೀರು. ಉಳಿದ ಹೊತ್ತು ಪೈಪು ಖಾಲಿ. ಖಾಲಿ ಪೈಪು ಗಟಾರಿನಲ್ಲಿ ಹಾದುಹೋಗಿದ್ದರೆ, ಎಲ್ಲಿ ಬಿರುಕು ಇದೆಯೋ ಅಲ್ಲಿಂದ ಗಟಾರಿನ ನೀರು ಒಳಗೆ ಇಳಿಯುತ್ತದೆ. ಅದರ ಮೇಲೆ ನಳಕ್ಕೆ ಮೋಟಾರು ಹಚ್ಚಿ ಎಳೆದರೆ ಪಕ್ಕದ ಮನೆಯವರ ಪಾಲನ್ನೂ ಎಳೆಯುತ್ತೇವೆ, ಗಟಾರನ್ನೂ ಎಳೆಯುತ್ತೇವೆ. ಎಣಿಸಿದಾಗ ಊರಿನಲ್ಲಿ ಮೂವತ್ತೊಂದು ಮೋಟಾರು ಇದ್ದವು. ಅದರಲ್ಲಿ ಸಂಘದ ನಿರ್ದೇಶಕರ ಮನೆಯವು ನಾಲ್ಕು. ನಮ್ಮ ಮನೆಯದೂ ಒಂದು. ನಮ್ಮದನ್ನು ಮೊದಲು ಬಿಚ್ಚಿದೆವು. ಅದು ದೊಡ್ಡತನವಲ್ಲ, ನಮ್ಮ ಸೊಸೆ ಎರಡು ದಿನ ಮಾತು ಬಿಟ್ಟಿದ್ದಳು. ಈಗ ಹತ್ತೊಂಬತ್ತು ಬಿಚ್ಚಿವೆ. ಹನ್ನೆರಡು ಇನ್ನೂ ಇವೆ, ಯಾವ ಮನೆ ಎಂದು ಹೇಳುವುದಿಲ್ಲ, ಬೆಳಿಗ್ಗೆ ಓಣಿಯಲ್ಲಿ ಹೋದರೆ ಸಪ್ಪಳ ಕೇಳುತ್ತದೆ. ಗಟಾರಿನಲ್ಲಿದ್ದ ಎರಡು ವಾಲ್ವು ಪೈಕಿ ಒಂದನ್ನು ಪಂಚಾಯಿತಿ ಮೇಲೆತ್ತಿ ಕಟ್ಟೆ ಕಟ್ಟಿಸಿದೆ. ಗುಡಿಯ ಹಿಂದಿನದು ಹಾಗೇ ಇದೆ. ಅದಕ್ಕಾಗಿ ಮೂರು ಗ್ರಾಮಸಭೆಯಲ್ಲಿ ಅರ್ಜಿ ಕೊಟ್ಟಿದ್ದೇವೆ, ನಾಲ್ಕನೆಯದರಲ್ಲೂ ಕೊಡುತ್ತೇವೆ.

ಹಿಂದೆ ತೊಳೆಯದೆ ಬಿಲ್ಲು ಮಾಡಿದ ಆ ರೊಕ್ಕ ಏನಾಯಿತು ಎಂದು ಕೆಲವರು ಈಗಲೂ ಕೇಳುತ್ತಾರೆ. ಸಹಿ ಮಾಡಿದವರು ನಾವೇ ಆದದ್ದರಿಂದ ದೂರು ಕೊಡಲು ಯಾರಿಗೂ ಬಾಯಿ ಬರಲಿಲ್ಲ. ಅದು ನಮ್ಮ ಕಣ್ಣೆದುರೇ ಹೋದ ರೊಕ್ಕ.

ಇಷ್ಟು ಮಾಡಿದ್ದೇನೂ ಪವಾಡವಲ್ಲ. ಕಳೆದ ಗ್ರಾಮಸಭೆಗೆ ನೂರಾ ನಲವತ್ತು ಜನ ಬಂದಿದ್ದರು, ಅದರಲ್ಲಿ ಹೆಂಗಸರೇ ಹೆಚ್ಚು. ಅದರ ಹಿಂದಿನದಕ್ಕೆ ಅರವತ್ತೂ ಇರಲಿಲ್ಲ, ಕೋರಂ ಇಲ್ಲವೆಂದು ಸಭೆ ಮುಂದಕ್ಕೆ ಹಾಕಿಸಿದೆವು. ಪುಸ್ತಕ ಹಿಡಿದು ಮನೆಮನೆಗೆ ಹೊರಟಿದ್ದ ಹುಡುಗನನ್ನು ಆ ಹಿರಿಯಾಕೆಯೇ ಹಾದಿಯಲ್ಲಿ ತಡೆದು, "ತಮ್ಮಾ, ಪುಸ್ತಕ ಒಳಗಿಡು, ಮಂದಿನ್ನ ಕರಿ" ಅಂದಳಂತೆ.

ಇವತ್ತು ಬೆಳಿಗ್ಗೆ ಈ ಕಾರ್ಯಕ್ರಮಕ್ಕೆ ಬರುವಾಗ ಟಾಕಿಯ ಕಂಬ ನೋಡಿಕೊಂಡೇ ಬಂದೆವು. ಹೋದ ತಿಂಗಳ ತಾರೀಖು ಇದೆ. ಈ ತಿಂಗಳದು ಇನ್ನೂ ಬಿದ್ದಿಲ್ಲ. ಪಂಚಾಯಿತಿಯವರೂ ಇಲ್ಲೇ ಮುಂದಿನ ಸಾಲಿನಲ್ಲಿ ಕೂತಿದ್ದಾರೆ, ವಾಟರ್‌ಮನ್ ಅಡಿಗೆಯ ಹತ್ತಿರ ನೀರು ಕೊಡುತ್ತಿದ್ದಾನೆ. ಊಟವಾದ ಮೇಲೆ ಎಲ್ಲರೂ ಹೋಗಿಬಿಡುವ ಮೊದಲು ಯಾವ ದಿನ ತೊಳೆಯುವುದು, ಮುಂದೆ ನಿಲ್ಲುವ ಇಬ್ಬರು ಯಾರು ಎಂದು ಇಲ್ಲೇ ಗೊತ್ತು ಮಾಡಿಬಿಡೋಣ. ಬಣ್ಣದ ಡಬ್ಬಿ ಕಾರ್ಯದರ್ಶಿಗಳ ಮೇಜಿನ ಕೆಳಗಿದೆ.